ರೆಕಾರ್ಡಿನಡಿಯ ಮ್ಯಾಟು, ನಮ್ಮ ಯಜಮಾನರ ಕಿವಿ

ರೆಕಾರ್ಡಿನ ಕೆಳಗೆ ಹಾಸುವ ಮ್ಯಾಟು ಬದಲಿಸಿದರೆ ಹಾಡು ಇನ್ನೂ ಚೆನ್ನಾಗಿ ಕೇಳಿಸುತ್ತದೆಯೇ ಎಂದು ಯಾರಾದರೂ ನನ್ನನ್ನು ಕೇಳಿದರೆ, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುತ್ತೇನೆ. ಫೆಲ್ಟಿನದು ನೋಡಿದ್ದೇನೆ, ಕಾರ್ಕಿನದು ನೋಡಿದ್ದೇನೆ, ರಬ್ಬರಿನದು, ಚರ್ಮದ್ದು, ಎಲ್ಲವನ್ನೂ ನೋಡಿದ್ದೇನೆ. ಅವನ್ನು ಒರೆಸಿದವಳು, ನೆರಳಲ್ಲಿ ಒಣಗಿಸಿದವಳು, ಇಲಿ ಕಡಿಯದ ಹಾಗೆ ಎತ್ತಿಟ್ಟವಳು ನಾನೇ. ಅಷ್ಟರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಕಾರ್ಕಿನದು ಮಾತ್ರ, ಬಿಸಿ ಪಾತ್ರೆ ಇಳಿಸಿದರೆ ಮೇಜು ಸುಡುವುದಿಲ್ಲ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿ. ಕೆಳಗೆ ಪವರ್‌ಲೂಮ್, ಮೇಲೆ ಸಂಸಾರ. ಬೆಳಿಗ್ಗೆ ಮಗ್ಗ ಶುರುವಾಯಿತೆಂದರೆ ಮಹಡಿಯ ನೆಲ ಕಾಲಡಿಯಲ್ಲಿ ನಡುಗುತ್ತಲೇ ಇರುತ್ತದೆ. ಲೋಟದಲ್ಲಿಟ್ಟ ನೀರು ಕೂಡ ಸುಮ್ಮನಿರುವುದಿಲ್ಲ. ಅಂಥ ಮನೆಗೆ ನಮ್ಮ ಯಜಮಾನರು ಹಾಡಿನ ರೆಕಾರ್ಡು ಹಾಕುವ ಟರ್ನ್‌ಟೇಬಲ್ ತಂದರು. ಮುಳ್ಳು ಇಟ್ಟ ಕಡೆ ನಿಲ್ಲದೆ ಕುಣಿಯಿತು. ಮಗ್ಗ ನಿಲ್ಲಿಸಿ ಹಾಡು ಕೇಳುವುದು ಯಾವ ಬುದ್ಧಿವಂತನಿಗಾದರೂ ಹೊಳೆಯುವ ಉಪಾಯ. ಇವರಿಗೆ ಹೊಳೆದದ್ದು ದೇವನಹಳ್ಳಿ ಕಡೆಯಿಂದ ಒಂದು ಕಲ್ಲು ಚಪ್ಪಡಿ ತರಿಸುವುದು. ಅದನ್ನು ನಾಲ್ಕು ಆಳು ಹೊತ್ತು ಮೆಟ್ಟಿಲು ಹತ್ತಿಸಿದರು, ಗೋಡೆಯ ಗಾರೆ ಕಿತ್ತು ಬಂತು. ಚಪ್ಪಡಿಯ ಕೆಳಗೆ ಟೆನಿಸ್ ಚೆಂಡು ಕೊಯ್ದು ಇಟ್ಟರು. ಮೇಲೆ ಟರ್ನ್‌ಟೇಬಲ್, ಅದರ ಮೇಲೆ ಮ್ಯಾಟು, ಮ್ಯಾಟಿನ ಮೇಲೆ ರೆಕಾರ್ಡು, ರೆಕಾರ್ಡಿನ ನೆತ್ತಿಗೆ ಒಂದು ಹಿತ್ತಾಳೆ ಗುಂಡು. ದೇವರ ಮನೆಯಲ್ಲಿ ಕೂಡ ಇಷ್ಟು ಅಚ್ಚುಕಟ್ಟು ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ ಮುಳ್ಳು ಕುಣಿಯಿತು, ಕೊನೆಗೆ ಭಾನುವಾರ ಮಧ್ಯಾಹ್ನ ಮಗ್ಗ ನಿಲ್ಲಿಸಿಯೇ ಕೇಳುವುದು ಎಂದಾಯಿತು.

ಇವರಿಗೆ ಈ ಹುಚ್ಚು ಹಿಡಿಯಲು ಕಾರಣ ಇವರ ಕಿವಿ. ಒಂದು ಕಾಲದಲ್ಲಿ ನಮ್ಮ ಬೀದಿಯಲ್ಲಿ ಇವರ ಕಿವಿಗೆ ಹೆಸರಿತ್ತು. ಬೀದಿಯಲ್ಲಿ ನಿಂತು, ಯಾರ ಮನೆಯ ಯಾವ ಮಗ್ಗದಲ್ಲಿ ಲಾಳಿ ಸರಿಯಾಗಿ ಹೊಡೆಯುತ್ತಿಲ್ಲ ಎಂದು ಹೇಳುತ್ತಿದ್ದರು. ಮೆಕ್ಯಾನಿಕ್ ಬರುವ ಮೊದಲು ಇವರನ್ನು ಕರೆಯುತ್ತಿದ್ದರು. 'ಏನ್ ಕಿವಿನಪ್ಪಾ ಅದು' ಎಂದು ಜನ ಹೊಗಳುತ್ತಿದ್ದರು. ಮನುಷ್ಯನಿಗೆ ಮೀಸೆಯ ಮೇಲೆ ಜಂಬ ಇರುವುದನ್ನು ನೋಡಿದ್ದೇನೆ, ಬೈಕಿನ ಮೇಲೆ ಇರುವುದನ್ನು ನೋಡಿದ್ದೇನೆ. ಕಿವಿಯ ಮೇಲೆ ಜಂಬ ಇದ್ದದ್ದು ಇವರಿಗೊಬ್ಬರಿಗೇ.

ನನಗೆ ಹಾಡೂ ಬೇಕಿರಲಿಲ್ಲ, ಮ್ಯಾಟೂ ಬೇಕಿರಲಿಲ್ಲ. ಆ ಕಿವಿಗೆ ನನ್ನ ಒಂದು ಮಾತು ಬಿದ್ದಿತ್ತೋ ಇಲ್ಲವೋ ಎನ್ನುವುದಷ್ಟೇ ನನಗೆ ಬೇಕಿತ್ತು.

ಹತ್ತು ವರ್ಷಕ್ಕೂ ಹಿಂದಿನ ಮಾತು. ನಮ್ಮಮ್ಮ ಹೊಸಕೋಟೆಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ನಾದಿನಿ ಅವಳ ಮಂಚವನ್ನು ಹಿಂದಿನ ಶೀಟಿನ ಕೋಣೆಗೆ ಹಾಕಿದ್ದಳು, ವಾಸನೆ ಬರುತ್ತದೆಂದು. ಫೋನು ಮಾಡಿದಾಗೆಲ್ಲ ಅಮ್ಮ, 'ಚೆನ್ನಾಗಿದ್ದೀನಿ ಕಣವ್ವ, ನೀನು ಯೋಚನೆ ಮಾಡ್ಬೇಡ' ಎನ್ನುತ್ತಿದ್ದಳು. ಹಿಂದಿನಿಂದ ನಾದಿನಿ ಪಾತ್ರೆ ಕುಕ್ಕುವ ಸದ್ದು ಕೇಳಿಸುತ್ತಿತ್ತು. ನಮ್ಮಲ್ಲಿ ಗಂಡುಮಗ ಇರುವಾಗ ತಾಯಿ ಅಳಿಯನ ಮನೆಯಲ್ಲಿ ಬಂದು ಇರುವುದಿಲ್ಲ. ಇದ್ದರೆ ಜನ ಮಗನ ಮುಖಕ್ಕೂ ಉಗಿಯುತ್ತಾರೆ, ಅಳಿಯನನ್ನೂ ಆಡಿಕೊಳ್ಳುತ್ತಾರೆ. ಹಾಗಾಗಿ ಅಂಥ ಮಾತನ್ನು ಹೆಣ್ಣುಮಗಳು ಗಂಡನ ಹತ್ತಿರ ಒಂದೇ ಸಲ ಕೇಳಬೇಕು. ಅವನು ಒಪ್ಪಿದರೆ ಆಯಿತು, ಇಲ್ಲದಿದ್ದರೆ ಮುಚ್ಚಿಕೊಂಡು ಇರಬೇಕು. ನಮ್ಮತ್ತೆಯೂ ಹಾಗೇ ಇದ್ದವರು, ಅವರ ಅತ್ತೆಯೂ ಹಾಗೇ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗ ನಿಂತಿತು. ಮಗ್ಗದ ಬೀದಿಯಲ್ಲಿ ಕರೆಂಟು ಹೋದಾಗ ಆಗುವ ನಿಶ್ಶಬ್ದ ಬೇರೆ ಊರಿನವರಿಗೆ ಅರ್ಥವಾಗುವುದಿಲ್ಲ, ಎದೆ ಧಸಕ್ ಅನ್ನುತ್ತದೆ. ಇವರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಬೀದಿಯ ಕಡೆ ಮುಖ ಮಾಡಿ ಪೇಪರ್ ಓದುತ್ತಿದ್ದರು. ನಾನು ಹಿಂದೆ ನೆಲದ ಮೇಲೆ ಕೂತಿದ್ದೆ. ಎಷ್ಟೋ ದಿನದಿಂದ ಗಂಟಲಲ್ಲಿ ಕೂತಿದ್ದ ಮಾತನ್ನು ಆಗ ಆಡಿದೆ.

"ರೀ, ನಮ್ಮಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದು ಇಟ್ಕೊಳ್ಳೋಣ್ವಾ?"

ಇವರು ತಿರುಗಲಿಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪೇಪರಿನ ಹಾಳೆ ಮಗುಚಿದರು. ಕರೆಂಟು ಬಂತು, ಮಗ್ಗ ಶುರುವಾಯಿತು. ನಾನು ಮತ್ತೆ ಕೇಳಲಿಲ್ಲ. ದೀಪಾವಳಿಗೆ ಮುಂಚೆ ಅಮ್ಮ ಹೋದಳು. ಮೈ ತೊಳೆಸುವಾಗ ಅವಳ ಬೆನ್ನು ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನೀವು ಊಟ ಮಾಡುವುದಿಲ್ಲ.

ಅಂದಿನಿಂದ ಇವರಿಗೆ ಅನ್ನ ಬಡಿಸಿದ್ದೇನೆ, ಬಟ್ಟೆ ಒಗೆದಿದ್ದೇನೆ, ಮಗಳ ಮದುವೆ ಮಾಡಿದ್ದೇವೆ. ಒಳಗೆ ಮಾತ್ರ ಇವರನ್ನು ದಿನಾ ಕೊಂದಿದ್ದೇನೆ.

ಮ್ಯಾಟಿನ ವಿಷಯಕ್ಕೆ ಬರುತ್ತೇನೆ. ಇವರಿಗೆ ಮ್ಯಾಟಿನ ರುಚಿ ಹತ್ತಿಸಿದವನು ರಾಜಘಟ್ಟದ ಕಡೆಯ ಒಬ್ಬ ಗೌಡ. ಜಮೀನನ್ನು ಲೇಔಟಿಗೆ ಕೊಟ್ಟು ದೊಡ್ಡ ಮನೆ ಕಟ್ಟಿಸಿ, ಮಾಡಲು ಕೆಲಸವಿಲ್ಲದೆ ಸ್ಪೀಕರು ಜೋಡಿಸಿಕೊಂಡು ಕೂತಿದ್ದವನು. ಬಾಯಿ ತುಂಬ ಅಕ್ಕಾ ಅಕ್ಕಾ ಎನ್ನುವವನು, ಬೈಯಲೂ ಆಗದಷ್ಟು ಒಳ್ಳೆಯವನು. ಪ್ರತಿ ಭಾನುವಾರ ಇನ್ನಿಬ್ಬರು ಮೂವರನ್ನು ಕಟ್ಟಿಕೊಂಡು ನಮ್ಮನೆಗೆ ಬರುತ್ತಿದ್ದ. ಬರುವಾಗ ಒಂದು ಹೊಸ ಮ್ಯಾಟು, ಇಲ್ಲವೇ ಧೂಳು ಒರೆಸುವ ಬ್ರಷ್ಷು, ಇಲ್ಲವೇ ಕಾಲಡಿಗೆ ಇಡುವ ಬಿಲ್ಲೆ ತರುತ್ತಿದ್ದ. ಎಲ್ಲರೂ ಒಂದೇ ಹಾಡನ್ನು ಮ್ಯಾಟು ಬದಲಿಸಿ ಬದಲಿಸಿ ಕೇಳುತ್ತಿದ್ದರು. ಕೊನೆಗೆ ಎಲ್ಲರೂ ಇವರ ಕಡೆ ನೋಡುತ್ತಿದ್ದರು.

ಇವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, "ಈಗ ಬಿಚ್ಕೊಂತು ನೋಡು ದನಿ. ಮೊದಲು ಮುಸುಕು ಹಾಕ್ಕೊಂಡಂಗಿತ್ತು" ಎನ್ನುತ್ತಿದ್ದರು.

"ಗುರು ಹೇಳಿದ್ಮೇಲೆ ಮುಗೀತು" ಎಂದು ರಾಜಘಟ್ಟದವನು ತೊಡೆ ತಟ್ಟುತ್ತಿದ್ದ.

ನಾನು ಕಾಫಿ ಕೊಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನನಗೆ ಮೊದಲೂ ಒಂದೇ, ಆಮೇಲೂ ಒಂದೇ. ಅದೇ ಹಾಡು, ಅದೇ ಚರಪರ.

ಆಮೇಲೆ ಇವರಿಗೆ ಒಂದು ಮಹಾ ಯೋಚನೆ ಬಂತು. ಪ್ರಪಂಚದಲ್ಲಿ ಯಾರ ಹತ್ತಿರವೂ ಇಲ್ಲದ ರೇಷ್ಮೆ ಮ್ಯಾಟನ್ನು ನಮ್ಮ ಮಗ್ಗದಲ್ಲೇ ನೇಯಿಸುವುದು. ಸೀರೆ ನಿಲ್ಲಿಸಿ, ಒತ್ತಾಗಿ ಎರಡು ಪದರ ನೇಯಿಸಿದರು. ನೇಕಾರರ ಬುದ್ಧಿ ಎಲ್ಲಿ ಹೋಗುತ್ತದೆ? ಸುತ್ತ ಜರಿ ಅಂಚು ಬೇರೆ ಹೊಲಿಸಿದರು, ನಡುವೆ ಒಂದು ಹಂಸದ ಬುಟ್ಟಾ. ಭಾನುವಾರ ಅದನ್ನು ಹಾಕಿ ಎಲ್ಲರೂ ಹಾಡು ಕೇಳಿ, ಆಹಾ ಎಂದು, ರೆಕಾರ್ಡು ಎತ್ತಿದರೆ ಮ್ಯಾಟೂ ಅದಕ್ಕೆ ಅಂಟಿಕೊಂಡು ಮೇಲೆ ಬಂತು. ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಅದೇ ಕರೆಂಟು. ಅರ್ಧ ದಾರಿಯಲ್ಲಿ ಕಳಚಿಕೊಂಡು ಮುಳ್ಳಿನ ಮೇಲೆ ಬಿತ್ತು. ಹಂಸದ ಕೊಕ್ಕಿಗೆ ಸಿಕ್ಕಿಕೊಂಡು ಮುಳ್ಳು ಮುರಿಯಿತು. ನಾನು ಅಡುಗೆಮನೆಗೆ ಓಡಿಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಅಮ್ಮ ಹೋದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು.

ಆ ದಿನಗಳಲ್ಲೇ ನನಗೆ ಅನುಮಾನ ಶುರುವಾದದ್ದು. ಕುಕ್ಕರ್ ಕೂಗಿ ಕೂಗಿ ನೀರು ಆರಿದರೂ ಇವರು ಪಕ್ಕದಲ್ಲೇ ಕೂತಿರುತ್ತಿದ್ದರು. ಫೋನು ಹೊಡೆದುಕೊಳ್ಳುತ್ತಿದ್ದರೂ ಅಷ್ಟೇ. ನಾನು ಹಿಂದಿನಿಂದ ಕರೆದರೆ ಓಗೊಡುತ್ತಿರಲಿಲ್ಲ, ಎದುರಿಗೆ ಬಂದರೆ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಡುತ್ತಿದ್ದರು. ಒಂದು ದಿನ ಹಲ್ಲುನೋವಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಾತಾಡಿದೆ.

"ಏನೇ ಅದು ಮುಣುಮುಣು? ಬಾಯಿ ಬಿಟ್ಟು ಹೇಳೇ" ಎಂದು ರೇಗಿದರು.

ನಮ್ಮ ಬೀದಿಯಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಯಾಕೆಂದರೆ ಮಗ್ಗದ ಮನೆಯಲ್ಲಿ ಯಾರೂ ಕಿವಿಯಿಂದ ಕೇಳುವುದೇ ಇಲ್ಲ. ಆ ಗದ್ದಲದಲ್ಲಿ ಬಾಯಗಲಿಸಿ ತುಟಿ ಆಡಿಸುತ್ತೇವೆ, ಎದುರಿನವರು ತುಟಿ ನೋಡಿ ತಿಳಿಯುತ್ತಾರೆ. ನೂಲು ಮುಗಿಯಿತು, ಟೀ ಬಂತು, ಅವಳಿಗೆ ಗಂಡು ಗೊತ್ತಾಯಿತು, ಎಲ್ಲ ತುಟಿಯಲ್ಲೇ. ನಾನೂ ಚಿಕ್ಕಂದಿನಿಂದ ಹಾಗೇ ಮಾತಾಡಿದವಳು. ಹೀಗಿರುವಾಗ ಒಬ್ಬ ಮನುಷ್ಯ ಪೂರ್ತಿ ಕಿವುಡಾದರೂ ನಮ್ಮ ನಡುವೆ ವರ್ಷಗಟ್ಟಲೆ ಸಲೀಸಾಗಿ ಬಾಳಬಹುದು, ಸಂಗೀತದ ಬಗ್ಗೆ ತೀರ್ಪನ್ನೂ ಕೊಡಬಹುದು.

ಅನುಮಾನ ಬಂದ ಮೇಲೆ ನನ್ನ ನಿದ್ದೆ ಹಾರಿಹೋಯಿತು. ಈ ಮನುಷ್ಯನಿಗೆ ಯಾವತ್ತಿನಿಂದ ಕೇಳಿಸುತ್ತಿಲ್ಲ? ಅವತ್ತು ಕೂಡ ನನಗೆ ಬೆನ್ನು ಹಾಕಿ ಕೂತಿದ್ದರಲ್ಲ? ನನ್ನ ತುಟಿ ಕಾಣಿಸುತ್ತಿರಲಿಲ್ಲವಲ್ಲ? ಕೇಳಿಯೂ ಕೇಳದ ಹಾಗೆ ಕೂತಿದ್ದರು ಎಂದು ನಾನು ಇಷ್ಟು ವರ್ಷ ಕುದ್ದದ್ದು ಸುಳ್ಳೇ? ನನಗೆ ಅದು ಗೊತ್ತಾಗಲೇಬೇಕಿತ್ತು.

ರಾಜಘಟ್ಟದವನು ಒಂದು ಭಾನುವಾರ ಪರೀಕ್ಷೆಯ ರೆಕಾರ್ಡು ತಂದ. ಅದರಲ್ಲಿ ಹಾಡಿಲ್ಲ, ಬರೀ ಒಂದು ಕೂಗು. ದಪ್ಪಗೆ ಶುರುವಾಗಿ ಸಣ್ಣಗಾಗುತ್ತಾ ಮೇಲೆ ಮೇಲೆ ಹೋಗುತ್ತದೆ. ಮುಳ್ಳು, ಸ್ಪೀಕರು ಸರಿಯಿದೆಯೇ ಎಂದು ನೋಡಲು ಅದಂತೆ. ಗಂಡಸರು ಅದನ್ನು ಆಟ ಮಾಡಿಕೊಂಡರು. ಎಲ್ಲರೂ ಕೈ ಎತ್ತಬೇಕು, ಕೂಗು ಕೇಳಿಸುವುದು ನಿಂತ ಕೂಡಲೇ ಇಳಿಸಬೇಕು. ಮೊದಲನೆಯ ಸಲ ಎಲ್ಲರಿಗಿಂತ ಕೊನೆಗೆ ಕೈ ಇಳಿಸಿದವರು ಇವರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಮಾತ್ರ ಇವರ ಕಣ್ಣನ್ನು ನೋಡುತ್ತಿದ್ದೆ. ಅದು ಒಬ್ಬೊಬ್ಬರ ಮುಖದ ಮೇಲೂ ಓಡಾಡುತ್ತಿತ್ತು. ಎಲ್ಲರ ಕೈ ಇಳಿದ ಮೇಲೆ, ಒಂದು ಗಳಿಗೆ ತಡೆದು, ಇವರು ಇಳಿಸಿದ್ದರು.

"ರೀ, ಇನ್ನೊಂದ್ಸಲ ಆಗ್ಲಿ. ಗೋಡೆ ಕಡೆ ತಿರುಕ್ಕೊಂಡು ಕೂತ್ಕೊಳ್ಳಿ ನೋಡೋಣ" ಎಂದೆ.

ಇವರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಒಲ್ಲೆ ಎಂದರೆ ಮಾನ ಹೋಗುತ್ತಿತ್ತು. "ಅಕ್ಕ ಭಾರಿ ಪಂದ್ಯ ಕಟ್ತಾರೆ, ಆಗ್ಲಿ ಗುರು" ಎಂದು ರಾಜಘಟ್ಟದವನು ನಕ್ಕ. ಇವರು ಗೋಡೆಗೆ ಮುಖ ಮಾಡಿ ಕೂತರು, ಕೈ ಎತ್ತಿದರು.

ಕೂಗು ಶುರುವಾಯಿತು. ದಪ್ಪಗಿದ್ದದ್ದು ಸಣ್ಣಗಾಯಿತು, ಸಿಳ್ಳೆಯಾಯಿತು, ಸೊಳ್ಳೆಯಷ್ಟಾಯಿತು. ಒಬ್ಬೊಬ್ಬರೇ ಕೈ ಇಳಿಸಿದರು. ಕೂಗು ಮುಗಿಯಿತು. ರಾಜಘಟ್ಟದವನು ಮುಳ್ಳು ಎತ್ತಿದ, ತಟ್ಟೆ ತಿರುಗುವುದೂ ನಿಂತಿತು. ಇವರ ಕೈ ಮೇಲೆಯೇ ಇತ್ತು.

ಇವರಿಗೆ ನಡುವೆಯೇ ಎಲ್ಲೋ ಕೂಗು ತಪ್ಪಿಹೋಗಿತ್ತು. ಎಲ್ಲರಿಗಿಂತ ಮೊದಲು ಇಳಿಸಿಬಿಟ್ಟೇನು ಎಂಬ ಭಯಕ್ಕೆ ಕೈಯನ್ನು ಹಾಗೇ ಹಿಡಿದಿದ್ದರು. ಒಂದು ಸದ್ದೂ ಇಲ್ಲದ ಕೋಣೆಯಲ್ಲಿ, ಗೋಡೆಯ ಎದುರು, ತಲೆ ನರೆತ ಮನುಷ್ಯ, ಒಂದಕ್ಕೆ ಹೋಗಲು ಮೇಷ್ಟ್ರನ್ನು ಕೇಳುವ ಹುಡುಗನ ಹಾಗೆ ಕೈ ಎತ್ತಿಕೊಂಡು ಕೂತಿದ್ದರು. ನಾನು ನಕ್ಕೆ. ಬಾಯಿ ಮುಚ್ಚಿಕೊಳ್ಳದೆ, ಜೋರಾಗಿಯೇ ನಕ್ಕೆ. ಇವರು ತಿರುಗಲಿಲ್ಲ. ಅದೂ ಕೇಳಿಸಲಿಲ್ಲವೋ, ಕೇಳಿಸಿ ತಿರುಗುವ ಮುಖವಿರಲಿಲ್ಲವೋ ಗೊತ್ತಿಲ್ಲ.

ರಾಜಘಟ್ಟದವನು ಎದ್ದು ಹೋಗಿ ಇವರ ಭುಜ ಮುಟ್ಟಿದ. ಇವರು ಬೆಚ್ಚಿ ಕೈ ಇಳಿಸಿ ಎಲ್ಲರ ಮುಖ ನೋಡಿದರು.

"ಈ ಮ್ಯಾಟು ಸರಿ ಇಲ್ಲ ಗುರು," ಎಂದ ಅವನು, ಬಾಯಗಲಿಸಿ, ನಿಧಾನವಾಗಿ. "ಕಾರ್ಕ್ ತೆಗ್ದು ರಬ್ಬರ್ ಹಾಕಣ. ಇದ್ರಲ್ಲಿ ಸಣ್ಣ ದನಿ ಎಲ್ಲಾ ತಿಂದ್ಹಾಕ್ತಾ ಐತೆ."

"ಅದೇ ನಾನು ಅನ್ಕೊಂಡೆ," ಎಂದರು ಇವರು. "ಕಾರ್ಕ್ ಮೊದಲಿಂದಾನೂ ಹಂಗೇ."

ಉಳಿದವರೆಲ್ಲ ಹೌದೌದು ಎಂದರು. ನಾಲ್ಕು ಜನ ಗಂಡಸರು ಬಹಳ ಗಂಭೀರವಾಗಿ ಕಾರ್ಕು ತೆಗೆದು ರಬ್ಬರು ಹಾಕಿದರು. ಅವತ್ತು ನನಗೆ ಅರ್ಥವಾಯಿತು, ಮ್ಯಾಟು ಯಾತಕ್ಕೆ ಬೇಕು ಅಂತ. ಹಾಡಿಗಲ್ಲ. ದೂರು ಹೊರಿಸಲು ಕೈಗೆ ಸಿಗುವ ಒಂದು ಸಾಮಾನು ಬೇಕು. ಮುಂದಿನ ಭಾನುವಾರದಿಂದ ಅವರು ಬರುವುದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು.

ಕಿವಿಯಲ್ಲಿ ಗುಗ್ಗೆ ತುಂಬಿದೆ, ತೆಗೆಸಿಕೊಂಡು ಬರೋಣ ಎಂದು ಸುಳ್ಳು ಹೇಳಿ ಇವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವರನ್ನು ಗಾಜಿನ ಗೂಡಿನಲ್ಲಿ ಕೂರಿಸಿ ನೋಡಿ, ಹೊರಗೆ ಬಂದು ನನಗೆ ಹೇಳಿದಳು.

"ಮಗ್ಗದವ್ರಿಗೆ ಇದು ಸಾಮಾನ್ಯ ಅಮ್ಮಾ. ಸದ್ದಿಗೆ ನಿಧಾನಕ್ಕೆ ಹೋಗತ್ತೆ. ಸಣ್ಣ ದನಿಗಳು ಮೊದಲು ಹೋಗತ್ವೆ. ಹೆಂಗಸರ ಮಾತು, ಹಕ್ಕಿ, ಫೋನು. ವಾಪಸ್ ಬರಲ್ಲ."

"ಹತ್ತು ವರ್ಷದ ಹಿಂದೇನೇ ಹೋಗಿರಬಹುದಾ ಡಾಕ್ಟ್ರೇ?"

"ಇರಬಹುದು. ಈಗ ಹೇಳೋಕಾಗಲ್ಲ."

ಆ 'ಇರಬಹುದು' ಎಂಬುದನ್ನು ನಾನು ಪ್ರಸಾದದ ಹಾಗೆ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಬಸ್ಸಿನಲ್ಲಿ ಇವರ ಪಕ್ಕ ಕೂತು ಅತ್ತೆ. ಇವರು ಕಿಟಕಿ ನೋಡುತ್ತಿದ್ದರು. ಅಯ್ಯೋ ದೇವರೇ, ಈ ಮನುಷ್ಯನಿಗೆ ಕೇಳಿಸಿಯೇ ಇರಲಿಲ್ಲ! ಕೇಳಿಸಿದ್ದರೆ ಹೂಂ ಎನ್ನುತ್ತಿದ್ದರೋ ಏನೋ. ಇಲ್ಲದ ತಪ್ಪಿಗೆ ಇಷ್ಟು ವರ್ಷ ಇವರ ತಟ್ಟೆಗೆ ಅನ್ನದ ಜೊತೆ ವಿಷ ಬಡಿಸಿದ ಹಾಗೆ ಬಡಿಸಿದೆನಲ್ಲ ಎನ್ನಿಸಿತು.

ಆಮೇಲಿನ ಕೆಲವು ತಿಂಗಳು ನಮ್ಮ ಮನೆಯಲ್ಲಿ ಹೊಸದಾಗಿ ಮದುವೆಯಾದವರ ಹಾಗಿತ್ತು, ನನ್ನ ಕಡೆಯಿಂದ ಮಾತ್ರ. ಅವರೆಕಾಳು ಹಿಸುಕಿ ಸಾರು ಮಾಡಿದೆ. ಏನು ಹೇಳುವುದಿದ್ದರೂ ಎದುರಿಗೆ ಬಂದು ಕೂತು ಹೇಳಿದೆ. ಕಿವಿಗೆ ಹಾಕುವ ಮಿಷಿನ್ನು ತಂದುಕೊಟ್ಟೆ. ಇವರು ಅದನ್ನು ಮೂಸಿಯೂ ನೋಡಲಿಲ್ಲ. "ನನಗ್ಯಾಕೆ ಈ ಬೆಂಡೋಲೆ? ನನ್ನ ಕಿವಿಗೇನಾಗಿದೆ?" ಎಂದು ಬೀರುವಿಗೆ ಎಸೆದರು. ಹಾಳಾಗಿ ಹೋಗಲಿ ಎಂದು ನಾನು ಮಗಳಿಗೆ ಹೇಳಿ ಫೋನಿನಲ್ಲಿ ಒಂದು ಹೊಸ ಮ್ಯಾಟು ತರಿಸಿದೆ. ಮ್ಯಾಟು ಬದಲಿಸಿದರೆ ಕೇಳಿಸುತ್ತದೆ ಎಂದು ನಂಬಿಕೊಂಡೇ ಈ ಮನುಷ್ಯ ಸಾಯಲಿ, ಅದರಲ್ಲಿ ನನಗೇನು ಕಷ್ಟ ಎಂದುಕೊಂಡೆ. ಪ್ರೀತಿ ಎಂದರೆ ಅದೇ ಇರಬೇಕು, ನನಗೆ ಅಷ್ಟಾಗಿ ಅಭ್ಯಾಸವಿಲ್ಲ.

ಮ್ಯಾಟು ಬಂದ ದಿನ ಮಧ್ಯಾಹ್ನ ಆಳುಗಳು ಮಗ್ಗ ನಿಲ್ಲಿಸಿ ಕೆಳಗೆ ಬುತ್ತಿ ಬಿಚ್ಚಿದ್ದರು. ಇವರು ಮ್ಯಾಟು ಹಾಸಿ, ರೆಕಾರ್ಡು ಇಟ್ಟು, ಮುಳ್ಳು ಇಳಿಸಿ, ಎದುರಿಗೆ ಕೂತರು. ಮುಖ ಅರಳಿತು.

"ನೋಡೇ, ಎಷ್ಟು ಕ್ಲಿಯರಾಗಿದೆ. ಒಂದೊಂದು ಅಕ್ಷರ ಬಿಡಿಸಿ ಇಟ್ಟಂಗಿದೆ."

ನಾನು ಅವರ ಮೊಣಕಾಲ ಹತ್ತಿರ ಕೂತೆ. ಅವರ ಮುಖ ನೋಡಿ ನನ್ನ ಎದೆ ಕರಗಿತು. ಈಗ ಕೇಳಿ ಮುಗಿಸಿಬಿಡೋಣ, ಇವರ ಬಾಯಲ್ಲಿ ಒಂದು ಸಲ ಕೇಳಿಸಲಿಲ್ಲ ಅನ್ನಿಸಿಬಿಟ್ಟರೆ ನನ್ನ ಪಾಲಿಗೆ ಎಲ್ಲ ತೊಳೆದುಹೋಗುತ್ತದೆ ಎಂದುಕೊಂಡೆ.

"ರೀ, ಒಂದು ಕೇಳ್ತೀನಿ. ಆವಾಗ ಒಂದಿನ ಕರೆಂಟ್ ಹೋಗಿತ್ತು, ನೀವು ಪೇಪರ್ ಓದ್ತಾ ಇದ್ರಿ. ನಾನು ಹಿಂದಿನಿಂದ, ನಮ್ಮಮ್ಮನ್ನ ಇಲ್ಲಿಗೆ ಕರ್ಕೊಂಡು ಬರೋಣ್ವಾ ಅಂದಿದ್ದೆ. ನಿಮಗೆ ಕೇಳಿಸ್ಲಿಲ್ಲ ಅಲ್ವಾ? ಆಗ್ಲೇ ಕಿವಿ ಹೋಗಿತ್ತು ಅಲ್ವಾ?"

ಅಲ್ವಾ ಎಂದು ನಾನು ಬೇಡಿಕೊಂಡ ಹಾಗೆ ಯಾವ ದೇವಸ್ಥಾನದಲ್ಲೂ ಬೇಡಿಕೊಂಡಿಲ್ಲ.

ಇವರ ಮುಖ ಕಪ್ಪಾಯಿತು. "ಯಾರೇ ಹೇಳಿದ್ದು ಕಿವಿ ಹೋಗಿತ್ತು ಅಂತ? ಆ ಡಾಕ್ಟ್ರಾ? ಆಗ ನನ್ನ ಕಿವಿ ಹೆಂಗಿತ್ತು ಅಂತ ಬೀದೀಲಿ ಯಾರನ್ನಾದ್ರೂ ಕೇಳು ಹೋಗು. ಕೇಳಿಸದೆ ಏನು? ನೀನು ಮೊರ ಇಟ್ಕೊಂಡು ಅಕ್ಕಿ ಆರಿಸ್ತಾ ಇದ್ದೆ. ಮಾತು ಆಡಿ, ಕೈ ನಿಲ್ಲಿಸ್ದೆ. ಮೊರದ ಸದ್ದು ನಿಂತ್ಹೋಯ್ತು. ಆಮೇಲೆ ಮೂಗು ಎಳ್ಕೊಂಡೆ. ಆಮೇಲೆ ಮತ್ತೆ ಆರಿಸೋಕೆ ಶುರು ಮಾಡ್ದೆ. ಅಷ್ಟು ಸಣ್ಣ ಸದ್ದು ಯಾರಿಗೆ ಕೇಳಿಸುತ್ತೆ ಹೇಳು?"

ಮೊರದ ವಿಷಯ ನಾನು ಯಾರಿಗೂ ಹೇಳಿದವಳಲ್ಲ. ನನಗೇ ಮರೆತುಹೋಗಿತ್ತು.

"ಮತ್ತೆ ಯಾಕ್ರೀ ಮಾತಾಡ್ಲಿಲ್ಲ?"

"ಇನ್ನೊಂದ್ಸಲ ಕೇಳಿದ್ರೆ ಏನ್ ಹೇಳೋದು ಅಂತ ಯೋಚ್ನೆ ಮಾಡ್ತಾ ಕೂತಿದ್ದೆ. ನೀನು ಕೇಳ್ಲೇ ಇಲ್ಲ. ಸದ್ಯ, ಪೀಡೆ ತಪ್ತು ಅಂದ್ಕೊಂಡೆ."

ಇವರಿಗೆ ತಮ್ಮ ದನಿ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬ ಅಂದಾಜು ಈಗ ಇಲ್ಲ. ಕೆಳಗೆ ಬುತ್ತಿ ಉಣ್ಣುತ್ತಿದ್ದವರ ಮಾತು ಅಲ್ಲಿಗೇ ನಿಂತಿತು. ಇವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಹಾಡು ಕೇಳಲು ಕೂತರು.